ಸೇವಾ ಸಂಸ್ಥೆಯ ಜಿಲ್ಲಾ ಸಮಿತಿಗೆ ಆಯ್ಕೆಯಾದಿರಾ? ಕೆಲಸ ಹೀಗೆ ಶುರು ಮಾಡಿ

ಪಾವಗಡದಿಂದ ತುಮಕೂರಿಗೆ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಹನ್ನೊಂದು ಗಂಟೆಯ ಸಭೆಗೆ ಬೆಳಿಗ್ಗೆ ಏಳಕ್ಕೆಲ್ಲ ಬಸ್ ಹತ್ತಬೇಕು. ಒಂದು ಸೇವಾ ಸಂಸ್ಥೆಯ ಜಿಲ್ಲಾ ಸಮಿತಿಯಲ್ಲಿ ಪಾವಗಡ ತಾಲ್ಲೂಕಿನ ಪರವಾಗಿ ನಾನು ಮೂರು ವರ್ಷ ಹೀಗೆ ಓಡಾಡಿದೆ. ಸಂಬಳ ಇಲ್ಲದ ಕೆಲಸ. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನಮ್ಮಂಥ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೂ ಉಳಿಯಿತು. ಆದರೆ ದಿನ ಪೂರ್ತಿ ಹೋಗುತ್ತದೆ. ಅದನ್ನು ಲೆಕ್ಕ ಹಾಕಿಕೊಂಡೇ ಒಪ್ಪಿಕೊಳ್ಳಬೇಕು.

ಮೊದಲ ವರ್ಷ ಒಂದು ಹಳ್ಳಿಗೆ ಹೋಗಿದ್ದೆ. ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿತ್ತು. ಎಲ್ಲ ಬರೆದುಕೊಂಡು ಬಂದೆ. ಆರು ತಿಂಗಳ ನಂತರ ಅದೇ ಊರಿನ ಅಜ್ಜಿ ಸಂತೆಯಲ್ಲಿ ಸಿಕ್ಕರು. ತೆಲುಗಿನಲ್ಲಿ ಕೇಳಿದರು: ‘ಅವತ್ತು ಬರೆದುಕೊಂಡು ಹೋದೆಯಲ್ಲಮ್ಮ, ಏನಾಯಿತು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಭೆಯಲ್ಲಿ ಮಾತಾಡಿದ್ದೆ, ‘ಇದು ನಮ್ಮ ಸಂಸ್ಥೆಯ ಕೆಲಸವಲ್ಲ’ ಎಂಬ ತೀರ್ಮಾನವೂ ಆಗಿತ್ತು. ಅದನ್ನು ವಾಪಸ್ ಹೋಗಿ ಹೇಳಬೇಕು ಅನ್ನುವುದೇ ಹೊಳೆದಿರಲಿಲ್ಲ. ಈ ಕೆಲಸದಲ್ಲಿ ಅರ್ಧ ಪಾಲು ಊರಿನ ಮಾತನ್ನು ಜಿಲ್ಲೆಗೆ ಒಯ್ಯುವುದು. ಇನ್ನರ್ಧ ಪಾಲು ಜಿಲ್ಲೆಯ ಉತ್ತರವನ್ನು ಊರಿಗೆ ತರುವುದು. ಹೆಚ್ಚಿನವರು ಬಿಟ್ಟುಬಿಡುವುದು ಈ ಎರಡನೆಯದನ್ನೇ.

ಸೇರುವ ಮೊದಲು

ಮೊದಲು ಸಂಸ್ಥೆ ಹೇಗೆ ನಡೆಯುತ್ತದೆ ಅಂತ ತಿಳಿದುಕೊಳ್ಳಿ. ಎಲ್ಲರಿಗೂ ಗೊತ್ತಿರುವ ರೆಡ್‌ಕ್ರಾಸ್ ಅನ್ನೇ ತೆಗೆದುಕೊಳ್ಳಿ. ಅದು 1920ರ ಕಾಯ್ದೆಯಿಂದ ಹುಟ್ಟಿದ್ದು. ದೇಶಮಟ್ಟದಲ್ಲಿ ರಾಷ್ಟ್ರಪತಿ, ರಾಜ್ಯದಲ್ಲಿ ರಾಜ್ಯಪಾಲರು, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ದಿನದ ಕೆಲಸ ನೋಡುವುದು ಸಭಾಪತಿ, ಕಾರ್ಯದರ್ಶಿ, ಖಜಾಂಚಿ ಮತ್ತು ಸಮಿತಿ ಸದಸ್ಯರು. ಬೇರೆ ಎಷ್ಟೋ ಸಂಸ್ಥೆಗಳು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಣಿಯಾಗಿರುತ್ತವೆ. ಎಲ್ಲಿಯೇ ಆಗಲಿ, ದಾರಿ ಒಂದೇ: ಸದಸ್ಯರಾಗಿ, ಒಂದೆರಡು ವರ್ಷ ಸ್ವಯಂಸೇವಕರಾಗಿ ಕೆಲಸ ಮಾಡಿ, ಸರ್ವಸದಸ್ಯರ ಸಭೆಗೆ ತಪ್ಪದೆ ಹೋಗಿ, ಆಮೇಲೆ ಸಮಿತಿಗೆ ನಿಲ್ಲಿ.

ಬೈಲಾ, ಅಂದರೆ ಸಂಸ್ಥೆಯ ನಿಯಮಗಳ ಪುಸ್ತಕ ಕೇಳಿ ಪಡೆಯಿರಿ. ನಿಮ್ಮ ಅವಧಿ ಎಷ್ಟು, ಕೋರಂ (ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಸದಸ್ಯರು) ಎಷ್ಟು, ಸಭೆಯ ನೋಟಿಸ್ ಎಷ್ಟು ದಿನ ಮೊದಲು ಬರಬೇಕು, ಚೆಕ್‌ಗೆ ಯಾರ ಸಹಿ ಬೇಕು. ಈ ನಾಲ್ಕನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರೆ ಸಾಕು.

ಮೊದಲ ಮೂರು ತಿಂಗಳು ತಾಲ್ಲೂಕು ಸುತ್ತಿ

ತಹಶೀಲ್ದಾರ್, ತಾಲ್ಲೂಕು ಆರೋಗ್ಯಾಧಿಕಾರಿ ಇವರನ್ನು ಒಮ್ಮೆ ನೋಡಿ ಪರಿಚಯ ಹೇಳಿಕೊಳ್ಳಿ. ಆದರೆ ನಿಜವಾದ ಸುದ್ದಿ ಸಿಗುವುದು ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರುಗಳು, ನ್ಯಾಯಬೆಲೆ ಅಂಗಡಿಯವರಿಂದ. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರಿಗೆ ರೇಷನ್ ಕಾರ್ಡ್ ಇಲ್ಲ, ಯಾವ ಗುಡಿಸಲು ಈ ಮಳೆಗಾಲ ದಾಟುವುದಿಲ್ಲ ಅನ್ನುವುದು ಅವರಿಗೆ ಗೊತ್ತು.

ಇಲ್ಲಿ ನನ್ನದೊಂದು ತಪ್ಪು ಹೇಳಲೇಬೇಕು. 2020ರ ಲಾಕ್‌ಡೌನ್‌ನಲ್ಲಿ ದಿನಸಿ ಕಿಟ್ ಹಂಚಲು ಪಟ್ಟಿ ಬೇಕಿತ್ತು. ಆಗ ನಾನಿನ್ನೂ ಬರೀ ಸ್ವಯಂಸೇವಕಿ. ಪರಿಚಯದವರಿಗೆ ಫೋನ್ ಮಾಡಿ ಒಂದೇ ದಿನದಲ್ಲಿ ಪಟ್ಟಿ ಮಾಡಿದೆ. ಬೇಗ ಆಯಿತು ಅಂತ ಸಂತೋಷವೂ ಆಗಿತ್ತು. ಕಿಟ್ ಎಲ್ಲ ಮುಗಿದ ಮೇಲೆ ಗೊತ್ತಾಯಿತು, ಊರಾಚೆ ಇಟ್ಟಿಗೆ ಗೂಡಿನ ಪಕ್ಕ ಟಾರ್ಪಾಲಿನ ಕೆಳಗಿದ್ದ ಕೂಲಿಯವರಿಗೆ ಒಂದು ಕಾಳೂ ಹೋಗಿರಲಿಲ್ಲ. ಅವರಲ್ಲಿ ಒಬ್ಬರ ನಂಬರೂ ನನ್ನ ಫೋನಿನಲ್ಲಿ ಇರಲಿಲ್ಲ, ಅದಕ್ಕೇ ಅವರು ಪಟ್ಟಿಯಲ್ಲಿ ಬರಲಿಲ್ಲ. ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ಯಾವ ಪಟ್ಟಿಯೇ ಆಗಲಿ, ಸಹಿ ಹಾಕುವ ಮೊದಲು ಊರಿನ ಕೊನೇ ಮನೆಯ ತನಕ ನಡೆದು, ಅದರಾಚೆ ಯಾರಿದ್ದಾರೆ ಅಂತ ನೋಡಿ ಬರುತ್ತೇನೆ.

ಭಾಷೆಯ ಮಾತೂ ಇದೆ. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲಿನ ಹಳ್ಳಿಗಳಲ್ಲಿ ಮನೆಮಾತು ತೆಲುಗು ಇರುವವರು ಜಾಸ್ತಿ. ಕೆಜಿಎಫ್‌ನಲ್ಲಿ ತಮಿಳು. ನಿಮಗೆ ಬಾರದಿದ್ದರೆ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಕಷ್ಟವನ್ನು ಜನ ಮನೆಮಾತಿನಲ್ಲೇ ಪೂರ್ತಿ ಹೇಳುವುದು.

ಸಭೆಯಲ್ಲಿ

‘ನಮ್ಮ ತಾಲ್ಲೂಕನ್ನು ಕಡೆಗಣಿಸಿದ್ದೀರಿ’ ಎಂದು ಶುರು ಮಾಡಬೇಡಿ. ತುಮಕೂರಿನಲ್ಲಿ ಹತ್ತು ತಾಲ್ಲೂಕು. ಎಲ್ಲರೂ ಇದನ್ನೇ ಹೇಳಿದರೆ ಊಟದ ಹೊತ್ತಾಗುತ್ತದೆ ಅಷ್ಟೇ. ವಾರ ಮೊದಲೇ ಕಾರ್ಯದರ್ಶಿಗೆ ಬರೆದು ನಿಮ್ಮ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಿ. ಹೇಳುವಾಗ ಊರಿನ ಹೆಸರು, ಜನರ ಲೆಕ್ಕ, ಬೇಕಾದ್ದು ಏನು, ಯಾವಾಗ. ಇಷ್ಟೇ ಸಾಕು. ‘ಮೂರು ಊರು, ಹನ್ನೊಂದು ಮನೆ, ಹನ್ನೊಂದು ಟಾರ್ಪಾಲು, ಮಳೆಗೆ ಮುಂಚೆ’ ಅಂದರೆ ಯಾರೂ ಮರೆಯುವುದಿಲ್ಲ.

ನಡಾವಳಿ ಓದದೆ ಸಹಿ ಹಾಕಬೇಡಿ. ನಿಮಗೆ ಒಪ್ಪಿಗೆ ಇಲ್ಲದ ಠರಾವು ಆದರೆ ‘ನನ್ನ ಭಿನ್ನಾಭಿಪ್ರಾಯ ದಾಖಲಿಸಿ’ ಎಂದು ಸಮಾಧಾನದಿಂದ ಕೇಳಿ. ಅದು ಜಗಳವಲ್ಲ, ನಿಮ್ಮ ಹಕ್ಕು. ಹಾಗೆಯೇ ಅಕ್ಕಿ, ಬೇಳೆ ಕೊಳ್ಳುವ ವಿಷಯ ಬಂದು, ಕೊಟೇಶನ್ ಕೊಟ್ಟಿರುವುದು ನಿಮ್ಮ ತಮ್ಮನ ಅಂಗಡಿಯೇ ಆಗಿದ್ದರೆ, ಮೊದಲು ನೀವೇ ಹೇಳಿಬಿಡಿ. ಆ ವಿಷಯ ಮುಗಿಯುವ ತನಕ ಹೊರಗೆ ಕೂರಿ. ಹೊರಗೆ ಹೋದದ್ದೂ ನಡಾವಳಿಯಲ್ಲಿ ಬರಲಿ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೈಯಲ್ಲಿ ಮುಟ್ಟಬೇಡಿ. ಯಾರಾದರೂ ನಿಮ್ಮ ಸ್ವಂತ ಫೋನ್‌ಪೇಗೆ ಹಾಕುತ್ತೇನೆ ಅಂದರೆ ಬೇಡ ಅನ್ನಿ, ಸಂಸ್ಥೆಯ ಖಾತೆಯ ನಂಬರ್ ಕೊಡಿ. ತೆರಿಗೆ ವಿನಾಯಿತಿ ಬೇಕಾದ ದಾನಿಗಳಿಗೆ ನಗದಿನ ಮಿತಿ 2,000 ರೂಪಾಯಿ ಅಂತ ಮೊದಲೇ ತಿಳಿಸಿ. ಅದಕ್ಕಿಂತ ಜಾಸ್ತಿ ಇದ್ದರೆ ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಬೇಕು. ವಿದೇಶದಲ್ಲಿರುವ ಮಗಳು, ಅಳಿಯ ಹಣ ಕಳಿಸುತ್ತಾರೆ, ಅವರ ಸ್ನೇಹಿತರೂ ಕೊಡುತ್ತಾರೆ ಅಂತ ಯಾರಾದರೂ ಬಂದರೆ ಖಜಾಂಚಿಯ ಹತ್ತಿರ ಕಳಿಸಿ. ವಿದೇಶಿ ದೇಣಿಗೆಗೆ ಬೇರೆಯದೇ ಕಾನೂನು ಇದೆ.

ರಕ್ತದಾನ ಶಿಬಿರ: ದಿನಾಂಕವೇ ಮುಖ್ಯ

ತಾಲ್ಲೂಕಿನ ಸದಸ್ಯರ ಪಾಲಿಗೆ ಹೆಚ್ಚು ಬರುವ ಕೆಲಸ ಇದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜೂನ್ 14 ವಿಶ್ವ ರಕ್ತದಾನಿಗಳ ದಿನ. ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಇವೆರಡು ದಿನ, ಮತ್ತೆ ದೊಡ್ಡವರ ಹುಟ್ಟುಹಬ್ಬದ ದಿನ, ಎಲ್ಲ ಕಡೆ ಒಟ್ಟಿಗೇ ಶಿಬಿರ. ಆದರೆ ರಕ್ತವನ್ನು ವರ್ಷಗಟ್ಟಲೆ ಇಡಲು ಬರುವುದಿಲ್ಲ. ಪೂರ್ಣ ರಕ್ತ ಸಾಮಾನ್ಯವಾಗಿ 35 ದಿನ. ಬೇರ್ಪಡಿಸಿದ ಕೆಂಪು ರಕ್ತಕಣ 42 ದಿನ. ಡೆಂಗಿ ಬಂದಾಗ ಎಲ್ಲರೂ ಓಡಾಡಿ ಹುಡುಕುವ ಪ್ಲೇಟ್‌ಲೆಟ್ ಐದೇ ದಿನ. ಒಂದೇ ವಾರದಲ್ಲಿ ರಾಶಿ ಬಿದ್ದು, ಎರಡು ತಿಂಗಳ ನಂತರ ಹೆರಿಗೆಗೆ ಬಂದ ಹೆಣ್ಣುಮಗಳಿಗೆ ಒಂದು ಯೂನಿಟ್ ಸಿಗದಿದ್ದರೆ ಏನು ಬಂತು?

ಆದ್ದರಿಂದ ಶಿಬಿರ ಮಾಡುತ್ತೇವೆ ಅಂತ ಯಾರೇ ಬರಲಿ, ಮೊದಲು ರಕ್ತನಿಧಿಗೆ ಫೋನ್ ಮಾಡಿ ‘ನಿಮಗೆ ಯಾವಾಗ ಬೇಕು’ ಅಂತ ಕೇಳಿ. ಕಾಲೇಜುಗಳಿಗೆ ಪರೀಕ್ಷೆ, ರಜೆ ಇರುವ ಬೇಸಿಗೆಯಲ್ಲಿ ದಾನಿಗಳು ಕಡಿಮೆ. ಆಗ ಹಾಲಿನ ಡೇರಿಯ ಹತ್ತಿರ, ಗಾರ್ಮೆಂಟ್ಸ್ ಇರುವ ಕಡೆ, ಸಂಘದ ಸಭೆಯ ದಿನ ಮಾಡಬಹುದು. ಲೈಸೆನ್ಸ್ ಇರುವ ರಕ್ತನಿಧಿಯವರೇ ಬಂದು ರಕ್ತ ತೆಗೆಯಬೇಕು. ನೀವು ನೋಡಿಕೊಳ್ಳಬೇಕಾದ್ದು ನೆರಳು, ನೀರು, ಫ್ಯಾನು, ಮಲಗಲು ಮಂಚ, ಆಮೇಲೆ ತಿನ್ನಲು ಏನಾದರೂ.

ದಾನಿಗೆ 18ರಿಂದ 65 ವರ್ಷ, ಕನಿಷ್ಠ 45 ಕೆ.ಜಿ. ತೂಕ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಹಿಮೋಗ್ಲೋಬಿನ್ ಕಡಿಮೆ ಅಂತ ವಾಪಸ್ ಕಳಿಸುವುದು ಹೆಚ್ಚಾಗಿ ಹುಡುಗಿಯರನ್ನು. ಗೆಳತಿಯರ ಎದುರು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ. ಅವರನ್ನು ಸುಮ್ನೆ ಕಳಿಸಬೇಡಿ. ಪಕ್ಕದಲ್ಲಿ ಕೂರಿಸಿ, ಚೀಟಿಯಲ್ಲಿ ಅಂಕಿ ಬರೆದುಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಲು ಹೇಳಿ. ಒಂದು ಶಿಬಿರದಲ್ಲಿ ನಾಲ್ಕು ಹುಡುಗಿಯರಿಗೆ ರಕ್ತಹೀನತೆ ಗೊತ್ತಾಗಿ ಔಷಧ ಶುರುವಾದರೆ ಅದೂ ಶಿಬಿರದ ಫಲವೇ, ಅಲ್ವಾ?

ಲಾಂಛನ ಮತ್ತು ಶಾಲು

ರೆಡ್‌ಕ್ರಾಸ್‌ನಲ್ಲಿ ಇದ್ದರೆ ಇದು ಗೊತ್ತಿರಲಿ. ಬಿಳಿ ಮೇಲಿನ ಕೆಂಪು ಶಿಲುಬೆ ಔಷಧದಂಗಡಿಯ ಗುರುತಲ್ಲ. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಅದನ್ನು ಬಳಸುವಂತಿಲ್ಲ. ಯುದ್ಧದಲ್ಲಿ ‘ಇವರ ಮೇಲೆ ಗುಂಡು ಹಾರಿಸಬೇಡಿ’ ಅಂತ ತಿಳಿಸುವ ಗುರುತು ಅದು. ಸಮಿತಿ ಸದಸ್ಯರಾದಿರಿ ಅಂತ ಸ್ವಂತ ಕಾರಿಗೆ ಅಂಟಿಸಿಕೊಳ್ಳಬೇಡಿ.

ತಟಸ್ಥವಾಗಿರುವುದು ರೆಡ್‌ಕ್ರಾಸ್‌ನ ಏಳು ಮೂಲತತ್ವಗಳಲ್ಲಿ ಒಂದು. 1965ರಲ್ಲಿ ವಿಯೆನ್ನಾದಲ್ಲಿ ಅವನ್ನು ಘೋಷಿಸಿದ್ದು. ನಮ್ಮ ಊರಿನಲ್ಲಿ ಅದರ ಅರ್ಥ ಸರಳ. ಕಿಟ್ ಮೇಲೆ ಯಾರ ಫೋಟೊವೂ ಬೇಡ, ಹಂಚುವಾಗ ಯಾವ ಪಕ್ಷದ ಶಾಲೂ ಬೇಡ, ಕೇರಿ ನೋಡಿ ಮೊದಲು ಕೊನೆ ಮಾಡುವುದು ಬೇಡವೇ ಬೇಡ. ನಿಮಗೆ ಮತ ಹಾಕುವ ಹಕ್ಕು ಇದ್ದೇ ಇದೆ. ಆದರೆ ಸಂಸ್ಥೆಯ ಜಾಕೆಟ್ ಹಾಕಿಕೊಂಡು ಪ್ರಚಾರಕ್ಕೆ ಹೋದರೆ, ನಾಳೆ ಎದುರು ಪಕ್ಷದವರ ಮನೆ ಬಿದ್ದಾಗ ಅವರು ನಿಮ್ಮನ್ನು ಕರೆಯುವುದಿಲ್ಲ.

ಉತ್ತರ ಹೊತ್ತು ವಾಪಸ್ ಹೋಗಿ

ಸಭೆ ಮುಗಿದ ಹದಿನೈದು ದಿನದೊಳಗೆ, ನೀವು ಯಾವ ಊರಿನ ವಿಷಯ ಎತ್ತಿದ್ದಿರೋ ಆ ಊರಿಗೆ ಹೋಗಿ. ಹೋಗಲು ಆಗದಿದ್ದರೆ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಹೇಳಿ. ‘ಆಯಿತು’ ಅಂತ ಹೇಳಲು ಎಲ್ಲರೂ ಹೋಗುತ್ತಾರೆ. ‘ಆಗಲಿಲ್ಲ’ ಅಂತ ಹೇಳಲು ಹೋಗುವುದೇ ಕಷ್ಟ, ಅದಕ್ಕೇ ಅದು ಜಾಸ್ತಿ ಬೇಕು. ಯಾಕೆ ಆಗಲಿಲ್ಲ, ಇನ್ನು ಯಾರನ್ನು ಕೇಳಬೇಕು ಅನ್ನುವುದನ್ನೂ ಜೊತೆಗೆ ಹೇಳಿ.

ನಾನು ಆ ಅಜ್ಜಿಯ ಊರಿಗೆ ಮತ್ತೆ ಹೋದೆ. ನೀರಿನ ಘಟಕ ರಿಪೇರಿ ಮಾಡಿಸುವುದು ನಮ್ಮ ಸಂಸ್ಥೆಯಿಂದ ಆಗುವುದಿಲ್ಲ, ಗ್ರಾಮ ಪಂಚಾಯಿತಿಗೂ ಗ್ರಾಮೀಣ ಕುಡಿಯುವ ನೀರಿನ ಇಲಾಖೆಗೂ ಅರ್ಜಿ ಕೊಡಬೇಕು ಎಂದು ಹೇಳಿದೆ. ಅರ್ಜಿ ನಾನೇ ಬರೆದು, ಊರಿನವರ ಸಹಿ ಹಾಕಿಸಿ, ಸ್ವೀಕೃತಿ ಹಾಕಿಸಿಕೊಂಡ ಪ್ರತಿಯನ್ನು ಅವರ ಕೈಗೇ ಕೊಟ್ಟೆ. ಇನ್ನೊಂದು ಮಾತನ್ನೂ ಹೇಳಿದೆ: ನಮ್ಮ ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು, ದೊಡ್ಡವರ ಮೂಳೆ ಹಾಳಾಗುತ್ತವೆ. ಘಟಕ ಸರಿಯಾಗುವ ತನಕ ಕುಡಿಯಲು, ಅಡುಗೆಗೆ ಮಾತ್ರವಾದರೂ ಪಕ್ಕದ ಊರಿನ ಘಟಕದಿಂದ ತನ್ನಿ. ಅಜ್ಜಿ ಎಲ್ಲ ಕೇಳಿಸಿಕೊಂಡು, ‘ಆಗಲ್ಲ ಅಂತ ಹೇಳೋಕೆ ಇಷ್ಟು ದೂರ ಬಂದೆಯಾ? ಕೂತ್ಕೋ’ ಎಂದು ಮಜ್ಜಿಗೆ ತಂದುಕೊಟ್ಟರು.

ಅವಧಿ ಮುಗಿದಾಗ

ನಿಮ್ಮ ಜಾಗಕ್ಕೆ ಬರುವವರಿಗೆ ಒಂದು ದಿನ ಕೊಡಿ. ಸ್ಟಾಕ್ ರಿಜಿಸ್ಟರ್ ಎದುರಿಗೆ ಇಟ್ಟುಕೊಂಡು ಟಾರ್ಪಾಲು, ಕಂಬಳಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಣಿಸಿ ಒಪ್ಪಿಸಿ, ಇಬ್ಬರೂ ಸಹಿ ಹಾಕಿ. ಗೋದಾಮಿನ ಬೀಗದ ಕೈ, ಉಳಿದ ರಸೀದಿ ಪುಸ್ತಕ, ರಕ್ತದಾನಿಗಳ ಪಟ್ಟಿ ಕೊಡಿ. ದಾನಿಗಳ ನಂಬರನ್ನು ಮಾತ್ರ ಎಲ್ಲರಿಗೂ ಹಂಚಬೇಡಿ, ಅವರು ನಂಬಿ ಕೊಟ್ಟದ್ದು. ಇಬ್ಬರೂ ಸೇರಿ ನಾಲ್ಕಾರು ಊರು ಸುತ್ತಿ, ಆಶಾ ಕಾರ್ಯಕರ್ತೆಯರ ಪರಿಚಯ ಮಾಡಿಸಿ.

ನಾನು ನನ್ನ ನೋಟ್ ಪುಸ್ತಕವನ್ನೂ ಕೊಟ್ಟು ಬಂದೆ. ಉತ್ತರ ಇನ್ನೂ ಹೇಳಿರದ ಏಳು ಊರುಗಳ ಹೆಸರನ್ನು ಅದರ ಮೊದಲ ಪುಟದಲ್ಲಿ ಬರೆದಿದ್ದೆ.