ಬೇಸಿಗೆಯಲ್ಲಿ ಬಂದವರು ಮಾವಿನಕಾಯಿ ಕಿತ್ಕೊಂಡು ಹೋದರು

ಮೈಸೂರಿನ ಕುವೆಂಪುನಗರದಲ್ಲಿರುವ ಅಪ್ಪನ ಮನೆ ಮಾರೋಣ ಅಂತ ನಾನೂ ತಂಗಿಯೂ ತೀರ್ಮಾನ ಮಾಡಿದ್ದು 2025ರ ಸಂಕ್ರಾಂತಿ ಹೊತ್ತಿಗೆ. ಅಪ್ಪ 2021ರಲ್ಲಿ ಹೋದರು, ಅಮ್ಮ ಅದಕ್ಕೂ ಮುಂಚೆಯೇ. ನಾನಿರೋದು ಬೆಂಗಳೂರು, ಅವಳು ಹುಬ್ಬಳ್ಳಿ. ಬೀಗ ಹಾಕಿದ ಮನೆ ಎಷ್ಟು ದಿನ ಅಂತ ಇಟ್ಕೊಳ್ಳೋದು?

ಬ್ರೋಕರ್ ಒಂದೇ ಮಾತು ಹೇಳಿದರು. "ಯುಗಾದಿ ಬರಲಿ ಸಾರ್. ಯುಗಾದಿಯಿಂದ ಆಷಾಢದ ತನಕ ನಮ್ಮ ಸೀಸನ್." ಅದರಲ್ಲಿ ಲೆಕ್ಕ ಇದೆ. ಮೇ ಕೊನೆಗೆ ಸ್ಕೂಲ್ ಶುರು. ಮಕ್ಕಳಿರುವವರು ಅಷ್ಟರಲ್ಲಿ ಹಾಲು ಉಕ್ಕಿಸಿ ಒಳಗೆ ಬಂದುಬಿಡಬೇಕು ಅಂತಾರೆ. ಜೊತೆಗೆ ಅಕ್ಷಯ ತದಿಗೆ ಬರುತ್ತೆ, ರಜೆ ಇರುತ್ತೆ, ಊರಿಂದ ಊರಿಗೆ ಬಂದು ಮನೆ ನೋಡೋಕೆ ಪುರುಸೊತ್ತು ಇರುತ್ತೆ.

ಆ ವರ್ಷ ಯುಗಾದಿ ಮಾರ್ಚ್ 30ಕ್ಕೆ. ಏಪ್ರಿಲ್ ಮೊದಲ ಶನಿವಾರದಿಂದ ಮನೆ ತೋರಿಸೋಕೆ ಶುರು ಮಾಡಿದೆ. ಜನವೋ ಜನ. ಒಂದೇ ಭಾನುವಾರ ಏಳು ಕುಟುಂಬ ಬಂದಿದ್ದೂ ಉಂಟು. ಹಿತ್ತಲಲ್ಲಿ ಅಪ್ಪ ನೆಟ್ಟ ಮಾವಿನ ಮರ, ಆಗ ತುಂಬಾ ಕಾಯಿ. ಬಂದವರೆಲ್ಲ ಮೊದಲು ನಲ್ಲಿ ತಿರುಗಿಸಿ ನೀರು ಬರುತ್ತಾ ನೋಡೋರು, ಆಮೇಲೆ ಹಿತ್ತಲಿಗೆ ಹೋಗಿ ಮರದ ಕೆಳಗೆ ನಿಲ್ಲೋರು. "ಎರಡು ಕಿತ್ಕೊಳ್ಳಲಾ, ಚಿತ್ರಾನ್ನಕ್ಕೆ?" ಅಂತ ಕೇಳೋರು. ಕಿತ್ಕೊಂಡು ಹೋದರು, ತಿರುಗಿ ಫೋನ್ ಮಾಡಲಿಲ್ಲ. ಬೇಸಿಗೆಯ ಗಿರಾಕಿಗೆ ದಿನಕ್ಕೆ ನಾಲ್ಕು ಮನೆ ನೋಡೋಕೆ ಸಿಗುತ್ತೆ, ನಮ್ಮದು ಅದರಲ್ಲಿ ಒಂದು ಅಷ್ಟೇ.

ನಾವು ಹೇಳಿದ್ದು 1 ಕೋಟಿ 25 ಲಕ್ಷ. ಒಬ್ಬರು ಮಾತ್ರ ನಿಜವಾಗಿ ಮುಂದೆ ಬಂದರು. 1 ಕೋಟಿ 18 ಲಕ್ಷ ಕೊಡ್ತೀವಿ, ಆದರೆ ಸ್ಕೂಲ್ ಶುರುವಾಗೋಕೆ ಮುಂಚೆ ರಿಜಿಸ್ಟ್ರೇಷನ್ ಆಗಬೇಕು ಅಂದರು. ಆಗ ನನ್ನ ತಪ್ಪು ಗೊತ್ತಾಯ್ತು. ಮನೆ ಯಾರದು ಅಂತ ಪಾಲಿಕೆ ಇಡೋ ದಾಖಲೆ, ಅಂದರೆ ಖಾತೆ, ಇನ್ನೂ ಅಪ್ಪನ ಹೆಸರಲ್ಲೇ ಇತ್ತು! ವಾರಸುದಾರರು ಯಾರು ಅಂತ ತೋರಿಸೋ ವಂಶವೃಕ್ಷ ಮಾಡಿಸಬೇಕು, ಇಬ್ಬರ ಹೆಸರಿಗೆ ಖಾತೆ ಬದಲಾಯಿಸಬೇಕು, ಅದರ ಮೇಲೆ ಇ-ಖಾತಾ, ಅಂದರೆ ಖಾತೆಯ ಡಿಜಿಟಲ್ ರೂಪ, ಆಗಬೇಕು. ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಆಗಲ್ಲ. ಅವರ ಬ್ಯಾಂಕಿನವರು ಅಪ್ಪನ ಮೂಲ ಕ್ರಯಪತ್ರ, ಮಂಜೂರಾದ ನಕ್ಷೆ, 30 ವರ್ಷದ ಇಸಿ (ಮನೆ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸೋ ಪತ್ರ) ಎಲ್ಲ ಕೇಳಿದರು. ಅವರು ಹದಿನೈದು ದಿನ ಕಾದು ಬೇರೆ ಮನೆ ತಗೊಂಡರು. ಮನೆ ತೋರಿಸೋ ಉತ್ಸಾಹದಲ್ಲಿ ಕಾಗದ ಪತ್ರ ಆಮೇಲೆ ನೋಡ್ಕೊಂಡರಾಯ್ತು ಅಂದ್ಕೊಂಡಿದ್ದೆ. ಜನವರಿಯಲ್ಲಿ ಮಾಡಬೇಕಾದ ಕೆಲಸ ಅದು.

ಜೂನ್ 26ಕ್ಕೆ ಆಷಾಢ ಬಂತು. ಬ್ರೋಕರ್ ಫೋನ್ ಎತ್ತೋದೇ ಕಡಿಮೆಯಾಯ್ತು. ನಾನು ಖಾತೆ ಕೆಲಸಕ್ಕೆ ವಾರಕ್ಕೊಮ್ಮೆ ಮೈಸೂರಿಗೆ ಓಡಾಡುತ್ತಿದ್ದೆ. ಜಿಟಿಜಿಟಿ ಮಳೆ. ತಾರಸಿಯ ನೀರು ಹೋಗೋ ಪೈಪಿನ ಬಾಯಿಗೆ ಮಾವಿನೆಲೆ ಕಟ್ಟಿಕೊಂಡು, ಹಿಂದಿನ ರೂಮಿನ ಗೋಡೆಗೆ ನೀರು ಇಳಿದಿತ್ತು. ಕಿಟಕಿ ಪಕ್ಕ ಮೊರದಷ್ಟು ಅಗಲ ಬಣ್ಣ ಉಬ್ಬಿ ನಿಂತಿತ್ತು.

ಅಂಥ ಒಂದು ಶುಕ್ರವಾರ ಮಧ್ಯಾಹ್ನ ಗೇಟಿನ ಹತ್ತಿರ ಕಾರು ನಿಂತಿತು. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಎಷ್ಟು ಜನ ಬರ್ತಾರೆ ಅಂತ ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಇವರೂ ಬೆಟ್ಟದಿಂದ ಇಳಿದು ಬಂದವರೇ, ಮಂಡ್ಯದವರು, ಮೇಷ್ಟ್ರು. ಜೊತೆಗೆ ಅವರ ಹೆಂಡತಿ, ತಾಯಿ. ಗೇಟಿನ "ಮಾರಾಟಕ್ಕಿದೆ" ಬೋರ್ಡ್ ನೋಡಿ ನಿಲ್ಲಿಸಿದರಂತೆ. ತಾಯಿ ಮೊದಲೇ ಹೇಳಿದರು, "ನೋಡ್ತೀವಿ ಅಷ್ಟೇ ಕಣಪ್ಪ, ಆಷಾಢ ಅಲ್ವಾ, ಮಾತುಕತೆ ಏನೂ ಬೇಡ."

ಆ ಅಜ್ಜಿ ನೇರ ಹಿಂದಿನ ರೂಮಿಗೆ ಹೋದರು. ಉಬ್ಬಿದ ಬಣ್ಣದ ಮೇಲೆ ಹೆಬ್ಬೆರಳು ಇಟ್ಟು ಒತ್ತಿದರು. ಚಕ್ಕೆ ಕಳಚಿ ಬಿತ್ತು. ಬೆರಳು ಮೂಗಿನ ಹತ್ತಿರ ತಂದು ವಾಸನೆ ನೋಡಿದರು. ನನಗೆ ಮುಖ ಎತ್ತೋಕೆ ಆಗಲಿಲ್ಲ. ಮುಚ್ಚಿಡೋದು ಏನಿದೆ ಅಂತ ಮೇಷ್ಟ್ರನ್ನು ತಾರಸಿಗೆ ಕರ್ಕೊಂಡು ಹೋಗಿ ಪೈಪಿನ ಬಾಯಿ ತೋರಿಸಿದೆ. ಅವರೇ ಪ್ಯಾಂಟ್ ಮಡಚಿ, ಕೈ ಹಾಕಿ ಎಲೆ ತೆಗೆದರು. ನಿಂತ ನೀರು ಗಳಗಳ ಅಂತ ಇಳಿದು ಹೋಯ್ತು.

ಅವರು ಆಷಾಢದಲ್ಲೇ ಇನ್ನೂ ಎರಡು ಸಲ ಬಂದರು. ಬೇರೆ ಗಿರಾಕಿ ಯಾರೂ ಇಲ್ಲ, ಅವಸರವೂ ಇಲ್ಲ. ಅಷ್ಟರಲ್ಲಿ ನಾನು ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದೆ, ಗೋಡೆ ಒಣಗಿದ ಮೇಲೆ ಪುಟ್ಟಿ ಹಾಕಿಸಿದೆ. ಇ-ಖಾತಾ ಕೂಡ ಕೈಗೆ ಬಂತು. ಶ್ರಾವಣ ಹುಟ್ಟಿದ್ದೇ ತಡ, ಮಾತು ಮುಗೀತು. 1 ಕೋಟಿ 16 ಲಕ್ಷ. ವರಮಹಾಲಕ್ಷ್ಮಿ ಹಬ್ಬದ ದಿನವೇ ಅಡ್ವಾನ್ಸ್ ಕೊಡಿ, ಒಳ್ಳೇ ದಿನ ಅಂದೆ. ಅಜ್ಜಿ ಒಪ್ಪಲಿಲ್ಲ. ಶುಕ್ರವಾರ, ಅದೂ ಹಬ್ಬದ ದಿನ, ಲಕ್ಷ್ಮೀನ ಮನೆಯಿಂದ ಆಚೆ ಕಳಿಸ್ತಾರಾ? ಒಳ್ಳೇ ದಿನ ಅನ್ನೋದು ತಗೊಳ್ಳೋರಿಗೇ ಬೇರೆ, ಕೊಡೋರಿಗೇ ಬೇರೆ! ಸೋಮವಾರ ಅಗ್ರಿಮೆಂಟ್ ಆಯ್ತು.

ನೋಂದಣಿ ಸೆಪ್ಟೆಂಬರ್ ಮೊದಲ ವಾರ ಅಂತ ಇಟ್ಕೊಂಡಿದ್ದೆವು. ಪಂಚಾಂಗ ನೋಡಿದ್ದೆವು, ಸರ್ಕಾರದ ಕಡೆ ನೋಡಿರಲಿಲ್ಲ. ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2 ಆಯ್ತು. ಮುದ್ರಾಂಕ ಶುಲ್ಕದ ಶೇ. 5 ಬೇರೆ ಇದ್ದೇ ಇದೆ. ಮೇಷ್ಟ್ರಿಗೆ ಒಂದೇ ಏಟಿಗೆ 1 ಲಕ್ಷ 16 ಸಾವಿರ ಜಾಸ್ತಿ. ಸಾಲ ಇನ್ನೂ ಬ್ಯಾಂಕಿಂದ ಬಂದಿರಲಿಲ್ಲ, ಮುಂಚೆ ಮಾಡಿಸೋ ದಾರಿ ಇರಲಿಲ್ಲ. ಅವರು ಫೋನ್ ಮಾಡಿ ಸುಮ್ನೆ ಇದ್ದರು, ಏನೂ ಕೇಳಲಿಲ್ಲ. ತಂಗಿಯೇ "ಅರ್ಧ ನಾವು ಹಾಕೋಣ ಬಿಡು" ಅಂದಳು. 58 ಸಾವಿರ ಬಿಟ್ಟೆವು. ಸಾಲ ಮಂಜೂರಾಗೋ ಹೊತ್ತಿಗೆ ಪಿತೃಪಕ್ಷ. ಅಜ್ಜಿ ಇರೋವಾಗ ಅದರ ಮಾತೇ ಇಲ್ಲ. ಮಹಾಲಯ ಅಮಾವಾಸ್ಯೆ ಕಳೆದು, ನವರಾತ್ರಿ ಮೂರನೇ ದಿನ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಹೆಬ್ಬೆಟ್ಟು ಒತ್ತಿದೆವು.

ನಮ್ಮ ಆಡಿಟರ್ ಹೇಳಿದ ಒಂದು ವಿಷಯ ಇಲ್ಲೇ ಹೇಳಿಬಿಡ್ತೀನಿ. ಮಾರ್ಚ್‌ನಲ್ಲಿ ಮಾರೋದಕ್ಕೂ ಏಪ್ರಿಲ್‌ನಲ್ಲಿ ಮಾರೋದಕ್ಕೂ ವ್ಯತ್ಯಾಸ ಇದೆ. ಬಂದ ಲಾಭದಲ್ಲಿ ಎರಡು ವರ್ಷದೊಳಗೆ ಇನ್ನೊಂದು ಮನೆ ತಗೊಂಡರೆ ತೆರಿಗೆ ಉಳಿಯುತ್ತೆ. ಆದರೆ ಆದಾಯ ತೆರಿಗೆ ರಿಟರ್ನ್ ಹಾಕೋ ಕೊನೇ ದಿನದೊಳಗೆ, ಅಂದರೆ ಜುಲೈ ಕೊನೆಯೊಳಗೆ, ಮನೆ ಸಿಗದಿದ್ದರೆ ಆ ದುಡ್ಡನ್ನು ಬ್ಯಾಂಕಿನಲ್ಲಿ ಇದಕ್ಕೆಂದೇ ಇರೋ ಕ್ಯಾಪಿಟಲ್ ಗೇನ್ಸ್ ಖಾತೆಗೆ ಕಟ್ಟಿಡಬೇಕು. ಮಾರ್ಚ್‌ನಲ್ಲಿ ಮಾರಿದವರಿಗೆ ಜುಲೈ ಬರೋಕೆ ನಾಲ್ಕೇ ತಿಂಗಳು. ಏಪ್ರಿಲ್ ದಾಟಿ ಮಾರಿದವರಿಗೆ ಮುಂದಿನ ವರ್ಷದ ಜುಲೈ ತನಕ ಸಮಯ. 1988ರಲ್ಲಿ, ಅಂದರೆ 2001ಕ್ಕೂ ಮುಂಚೆ ಕಟ್ಟಿದ ಮನೆ ಆದ್ದರಿಂದ 2001ರ ಏಪ್ರಿಲ್ 1ರ ಬೆಲೆಯನ್ನು ಆಸ್ತಿಗೆ ಬೆಲೆ ಕಟ್ಟೋ ವ್ಯಾಲ್ಯೂಯರ್ ಹತ್ತಿರ ಬರೆಸಿಕೊಂಡೆವು, ಲಾಭದ ಲೆಕ್ಕ ಅಲ್ಲಿಂದ.

ಬೀಗದ ಕೈ ಕೊಡುವಾಗ ಮೇಷ್ಟ್ರಿಗೆ, "ಮಳೆ ಶುರುವಾಗೋಕೆ ಮುಂಚೆ ಆ ಪೈಪಿನ ಬಾಯಿ ಒಮ್ಮೆ ನೋಡಿಬಿಡಿ" ಅಂದೆ.

"ಅದಕ್ಕೆ ಆಗಲೇ ಜಾಲರಿ ತಂದಿಟ್ಟಿದ್ದೀನಿ" ಅಂದರು. ಅಜ್ಜಿ ಹಿತ್ತಲಿಗೆ ಹೋಗಿ ಮರ ನೋಡುತ್ತಾ ನಿಂತಿದ್ದರು. ಅವರು ಆ ಮರದಲ್ಲಿ ಇನ್ನೂ ಒಂದು ಕಾಯಿಯನ್ನೂ ಕಂಡಿರಲಿಲ್ಲ.