ದಾಳಿಂಬೆ ಸಿಪ್ಪೆಯ ಸಾರ: ನಾನು ಪರೀಕ್ಷಿಸುವ ಬಗೆ

ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಅದನ್ನು ತಡೆದರೆ ಕಪ್ಪು ಕಲೆ ತಿಳಿಯಾಗಬಹುದು ಅನ್ನುವುದು ಲೆಕ್ಕಾಚಾರ. ಯಾವ ಹಣ್ಣಿನ ಸಾರ ಅದನ್ನು ತಡೆಯುತ್ತದೆ ಎಂದು ಲ್ಯಾಬಿನಲ್ಲಿ ನೋಡುವುದು ನನ್ನ ಕೆಲಸ. ಜಾಸ್ತಿ ಹೊತ್ತು ಕಳೆದಿದ್ದು ದಾಳಿಂಬೆ ಸಿಪ್ಪೆಯ ಜೊತೆ.

ಸಾರ ತೆಗೆಯುವುದು ದೊಡ್ಡ ವಿಷಯವಲ್ಲ. ಸಿಪ್ಪೆಯನ್ನು ಕಡಿಮೆ ಶಾಖದಲ್ಲಿ ಒಣಗಿಸಿ, ಪುಡಿ ಮಾಡಿ, ನೀರು ಬೆರೆಸಿದ ಎಥನಾಲ್‌ನಲ್ಲಿ ನೆನೆಸಿ ಸೋಸುತ್ತೇನೆ. ಪರೀಕ್ಷೆಗೆ ಅಣಬೆಯಿಂದ ತೆಗೆದ ಟೈರೋಸಿನೇಸ್ ಬಳಸುತ್ತೇನೆ. ಪಿಎಚ್ (ಹುಳಿ-ಕ್ಷಾರದ ಅಳತೆ) 6.8ರಲ್ಲೇ ನಿಲ್ಲಿಸುವ ಫಾಸ್ಫೇಟ್ ಬಫರ್‌ಗೆ ಕಿಣ್ವ ಮತ್ತು ಸಾರ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಕಿಣ್ವಕ್ಕೆ ಕಚ್ಚಾವಸ್ತುವಾದ ಎಲ್-ಡೋಪಾ ಸೇರಿಸುತ್ತೇನೆ. ಕಿಣ್ವ ಕೆಲಸ ಮಾಡಿದರೆ ಡೋಪಾಕ್ರೋಮ್ ಎಂಬ ಬಣ್ಣದ ವಸ್ತು ಹುಟ್ಟಿ ದ್ರವ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು 475 ನ್ಯಾನೊಮೀಟರ್‌ನಲ್ಲಿ ಅಳೆಯುತ್ತೇನೆ. ಹೋಲಿಕೆಗೆ, ಟೈರೋಸಿನೇಸ್ ತಡೆಯುತ್ತದೆ ಎಂದು ಗೊತ್ತಿರುವ ಕೋಜಿಕ್ ಆಸಿಡ್ ಇಟ್ಟುಕೊಳ್ಳುತ್ತೇನೆ.

ಇಷ್ಟಕ್ಕೇ ನಿಲ್ಲಿಸಿದರೆ ಹೆಚ್ಚುಕಡಿಮೆ ಎಲ್ಲ ಹಣ್ಣೂ ಪಾಸ್!

ವಿಟಮಿನ್ ಸಿ ನೋಡಿ. ಅದು ಇದ್ದರೂ ಕಿಣ್ವ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಆದರೆ ಡೋಪಾದಿಂದ ಮೊದಲು ಹುಟ್ಟಿ ಆಮೇಲೆ ಡೋಪಾಕ್ರೋಮ್ ಆಗಬೇಕಾದ ಡೋಪಾಕ್ವಿನೋನನ್ನು ವಿಟಮಿನ್ ಸಿ ಮರಳಿ ಡೋಪಾ ಮಾಡಿಬಿಡುತ್ತದೆ. ಬಣ್ಣ ಬರುವುದಿಲ್ಲ, ಕಿಣ್ವ ನಿಂತಿದೆ ಅನಿಸುತ್ತದೆ. ವಿಟಮಿನ್ ಸಿ ಮುಗಿದದ್ದೇ ತಡ, ಬಣ್ಣ ಮಾಮೂಲಿ ವೇಗದಲ್ಲಿ ಏರುತ್ತದೆ. ಅದಕ್ಕೇ ನಾನು ಕೊನೆಯಲ್ಲಿ ಒಂದೇ ಸಲ ಅಳೆಯುವುದಿಲ್ಲ. ನಿಮಿಷ ನಿಮಿಷಕ್ಕೂ ಅಳೆದು ಗ್ರಾಫ್ ಹಾಕುತ್ತೇನೆ. ಮೊದಲು ಮಲಗಿದ್ದ ಗೆರೆ ಆಮೇಲೆ ದಿಢೀರನೆ ಎದ್ದರೆ ನನಗೆ ಅನುಮಾನ.

ಟ್ಯಾನಿನ್‌ನದು ಇನ್ನೂ ದೊಡ್ಡ ತಂಟೆ. ದಾಳಿಂಬೆ ಸಿಪ್ಪೆ ಕಚ್ಚಿದರೆ ಬಾಯಿ ಒಗರಾಗುತ್ತದಲ್ಲ, ಅದು ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ. ಕಿಣ್ವವೂ ಪ್ರೋಟೀನೇ ಅಲ್ವಾ? ಹೀಗಾಗಿ ಅದೇ ಸಾರವನ್ನು ಸಂಬಂಧವೇ ಇಲ್ಲದ ಇನ್ನೊಂದು ಕಿಣ್ವದ ಮೇಲೂ ಹಾಕುತ್ತೇನೆ. ಅದೂ ನಿಂತರೆ, ಸಾರಕ್ಕೆ ಟೈರೋಸಿನೇಸ್ ಮೇಲೆ ವಿಶೇಷ ಪ್ರೀತಿಯೇನಿಲ್ಲ ಎಂದಾಯಿತು. ಬಫರ್‌ಗೆ ಆಲ್ಬುಮಿನ್ ಎಂಬ ಬೇರೆ ಪ್ರೋಟೀನ್ ಬೆರೆಸಿಯೂ ಅಳೆಯುತ್ತೇನೆ. ಟ್ಯಾನಿನ್ ಅದಕ್ಕೆ ಅಂಟಿಕೊಂಡು ಕಿಣ್ವವನ್ನು ಬಿಟ್ಟುಬಿಡುತ್ತದೆ. ಸಾರಕ್ಕೆ ತನ್ನದೇ ಬಣ್ಣವಿದ್ದರೆ, ಕಿಣ್ವ ಹಾಕದ ಮಾದರಿಯನ್ನೂ ಅಳೆದು ಕಳೆಯಬೇಕು.

ಈ ಜರಡಿಯಲ್ಲಿ ನನಗೆ ಉಳಿದದ್ದು ಮುಖ್ಯವಾಗಿ ಸಾರದಲ್ಲಿರುವ ಎಲಾಜಿಕ್ ಆಸಿಡ್ ಎಂಬ ಪದಾರ್ಥ. ಟೈರೋಸಿನೇಸ್‌ನ ಒಳಗೆ ಎರಡು ತಾಮ್ರದ ಅಯಾನುಗಳಿವೆ. ಎಲಾಜಿಕ್ ಆಸಿಡ್ ಆ ತಾಮ್ರವನ್ನೇ ಹಿಡಿಯುತ್ತದೆ. ಗಾತ್ರವೂ ಅನುಕೂಲ. ಚರ್ಮದೊಳಗೆ ಇಳಿಯಲು ಅಣುವಿನ ತೂಕ 500 ಡಾಲ್ಟನ್‌ಗಿಂತ ಕಡಿಮೆ ಇದ್ದರೆ ಒಳ್ಳೆಯದು ಎಂಬ ಅಂದಾಜಿದೆ. ಇದರದು 302. ಸಿಪ್ಪೆಯಲ್ಲಿ ಹೇರಳವಾಗಿರುವ ಟ್ಯಾನಿನ್ ಆದ ಪ್ಯುನಿಕಲಾಜಿನ್‌ನದು 1084. ಅದು ಇಡಿಯಾಗಿ ಒಳಗೆ ಹೋಗುತ್ತದೆ ಎಂದು ನಾನು ನಂಬುವುದಿಲ್ಲ.

ಕ್ರೀಮ್ ಮಾಡುವಾಗ ಬೇರೆಯೇ ಕಾಟ. ಎಲಾಜಿಕ್ ಆಸಿಡ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಕ್ರೀಮಿನಲ್ಲಿ ಸಣ್ಣ ಮರಳಿನಂತೆ ಕೈಗೆ ಸಿಗುತ್ತದೆ. ಗಾಳಿ ತಾಗಿದರೆ ಟ್ಯಾನಿನ್, ಎಲಾಜಿಕ್ ಆಸಿಡ್ ಮುಂತಾದ ಸಾರದ ಪಾಲಿಫಿನಾಲ್‌ಗಳು ತಾವೇ ಕಂದಾಗುತ್ತವೆ. ಬಣ್ಣ ತಡೆಯಲು ಹಾಕಿದ್ದು ಡಬ್ಬಿಯನ್ನೇ ಕಂದು ಮಾಡಿದರೆ ನಗು ಬರದೇ ಇರುತ್ತಾ! ಪಿಎಚ್ 5ರ ಆಸುಪಾಸು ಇಟ್ಟು, ಗಾಳಿ ನುಗ್ಗದ ಪಂಪ್ ಬಾಟಲಿಗೆ ತುಂಬುತ್ತೇನೆ.

ಇಷ್ಟು ಕಷ್ಟ ಯಾಕೆ, ಸುಮ್ನೆ ನಿಂಬೆರಸ ಹಚ್ಚಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಬೇಡ. ಅದರ ಪಿಎಚ್ 2ರ ಸುಮಾರಿಗೆ ಇರುತ್ತದೆ, ಅಂದರೆ ವಿಪರೀತ ಹುಳಿ. ನಿಂಬೆ ಜಾತಿಯ ಸಿಪ್ಪೆಯಲ್ಲಿರುವ ಫ್ಯುರಾನೋಕೌಮರಿನ್‌ಗಳು ಬಿಸಿಲು ಬಿದ್ದರೆ ಚರ್ಮ ಸುಟ್ಟು ಬೊಬ್ಬೆ ಬರಿಸಬಲ್ಲವು. ಅಲ್ಲಿ ಉಳಿಯುವ ಕಲೆ ಮೊದಲಿದ್ದದ್ದಕ್ಕಿಂತ ಕಪ್ಪಾಗಿರಬಹುದು.

ಅಣಬೆಯ ಕಿಣ್ವವೂ ಮನುಷ್ಯರದ್ದೂ ಒಂದೇ ಅಲ್ಲ. ಅದಕ್ಕೆ ಈಗ ಮೆಲನಿನ್ ಮಾಡುವ ಜೀವಕೋಶಗಳ ಮೇಲೆ ನೋಡುತ್ತಿದ್ದೇನೆ. ಜೊತೆಗೆ ಎಷ್ಟು ಕೋಶ ಬದುಕಿವೆ ಎಂದೂ ಎಣಿಸುತ್ತೇನೆ, ಕೋಶ ಸತ್ತರೂ ಮೆಲನಿನ್ ಕಡಿಮೆಯಾಗುತ್ತದಲ್ಲ.