ಮಂಜನ್ನು ಕತ್ತರಿಸಿ ತೆಗೆದ ಮೇಲೆ ಉಳಿದ ಹಾಡು

ಮಡಿಕೇರಿ ದಸರಾದ ಮಂಟಪಗಳಿಗೆ ಹಿನ್ನೆಲೆ ಸಂಗೀತ ಕೂಡಿಸುವುದು, ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾದೊಂದಿಗೆ ಕೀಬೋರ್ಡ್ ನುಡಿಸುವುದು, ಇವೇ ನನ್ನ 15 ವರ್ಷಗಳ ಕಸುಬು. ಪ್ರತಿಭಟನೆಯ ಹಾಡೊಂದನ್ನು ಮಾಡಬೇಕೆಂಬ ಹಂಬಲ ಹುಟ್ಟಿದ್ದು 2016ರ ಡಿಸೆಂಬರ್‌ನಲ್ಲಿ. ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳು ಕಟ್ಟಿಕೊಂಡಿದ್ದ ನೂರಾರು ಗುಡಿಸಲುಗಳನ್ನು ಆ ತಿಂಗಳು ಕೆಡವಲಾಯಿತು. ಅದು ಮೀಸಲು ಅರಣ್ಯವೋ ಪೈಸಾರಿಯೋ, ಅಂದರೆ ಯಾರ ಹೆಸರಿಗೂ ಆಗದ ಸರ್ಕಾರಿ ನೆಲವೋ, ಎಂಬ ವಾದ ಊರೂರಿನ ಹೋಟೆಲುಗಳಲ್ಲಿ ನಡೆಯುತ್ತಿತ್ತು. ಅಲ್ಲಿದ್ದವರಲ್ಲಿ ಬಹಳಷ್ಟು ಮಂದಿ ಕಾಫಿ ತೋಟಗಳ ಲೈನ್ ಮನೆಗಳಿಂದ, ಅಂದರೆ ಮಾಲೀಕರು ಕೂಲಿಯವರಿಗೆ ಸಾಲಾಗಿ ಕಟ್ಟಿಸಿಕೊಟ್ಟ ಮನೆಗಳಿಂದ, ಎದ್ದು ಬಂದವರೆಂಬ ಸಂಗತಿ ಮಾತ್ರ ಆ ವಾದಗಳಲ್ಲಿ ಅಷ್ಟಾಗಿ ಬರುತ್ತಿರಲಿಲ್ಲ.

ಮರುತಿಂಗಳೇ, ಅಂದರೆ 2017ರ ಜನವರಿಯಲ್ಲಿ, ಕರ್ನಾಟಕ ಸಂಗೀತದ ಗಾಯಕ ಟಿ.ಎಂ. ಕೃಷ್ಣ ಅವರ ‘ಚೆನ್ನೈ ಪೊರಂಬೋಕ್ಕು ಪಾಡಲ್’ ಬಿಡುಗಡೆಯಾಯಿತು. ಎಲ್ಲರಿಗೂ ಸೇರಿದ ನೆಲವನ್ನು ಸೂಚಿಸುತ್ತಿದ್ದ ‘ಪೊರಂಬೋಕ್ಕು’ ಎಂಬ ಪದ ಮುಂದೆ ತಮಿಳಿನಲ್ಲಿ ಬೈಗುಳವಾದುದನ್ನು ಹಿಡಿದು, ಚೆನ್ನೈ ಬಳಿಯ ಎಣ್ಣೂರಿನ ಹಿನ್ನೀರಿನ ದಡದಲ್ಲಿ ನಿಂತು, ಉಷ್ಣ ವಿದ್ಯುತ್ ಸ್ಥಾವರದ ಬೂದಿಯ ನಡುವೆ ಅವರು ಶಾಸ್ತ್ರೀಯ ರಾಗಗಳಲ್ಲಿ ಹಾಡಿದ್ದರು. ಇಷ್ಟು ವರ್ಷ ಕಛೇರಿಗಳಲ್ಲಿ ಮಾತ್ರ ಕೇಳಿದ್ದ ಆನಂದಭೈರವಿ ಅಲ್ಲಿ ಬೂದಿಯ ಮೇಲೆ ನಿಂತು ಕೇಳಿಸಿದಾಗ ನನಗೆ ತಡೆಯಲಾಗದಷ್ಟು ಸಂಕಟವಾಯಿತು. ಅದರ ಹಿಂದೆ, 2015ರಲ್ಲಿ, ಕೊಡೈಕೆನಾಲಿನ ಪಾದರಸದ ಮಾಲಿನ್ಯದ ವಿರುದ್ಧ ಸೋಫಿಯಾ ಅಶ್ರಫ್ ಮಾಡಿದ ರ‍್ಯಾಪ್ ವಿಡಿಯೊವನ್ನೂ ನೋಡಿದ್ದೆ. ಎಲ್ಲರೂ ಗುನುಗುತ್ತಿದ್ದ ಧಾಟಿಯ ಮೇಲೆ ತಮ್ಮ ದೂರನ್ನು ಕೂರಿಸಿದ್ದು ಅದರ ಬಲ. ಎರಡನ್ನೂ ಚಿತ್ರೀಕರಿಸಿದ ನಿರ್ದೇಶಕ ಒಬ್ಬರೇ, ರತೀಂದ್ರನ್ ಪ್ರಸಾದ್. ನಮ್ಮಲ್ಲಿಯೂ ಅಂಥದೇ ಪದವೊಂದಿದೆಯಲ್ಲ, ಪೈಸಾರಿ, ಅದನ್ನೇ ಪಲ್ಲವಿಯಾಗಿಸಬೇಕೆಂದು ಅಂದೇ ನಿರ್ಧರಿಸಿದೆ. ಆದರೆ ಕೆಲಸಕ್ಕೆ ಕೈಹಚ್ಚಲು ಹಲವು ವರ್ಷಗಳೇ ಬೇಕಾದವು.

ಮೊದಲ ಆವೃತ್ತಿಯನ್ನು ಈಗ ಯಾರಿಗೂ ಕೇಳಿಸುವುದಿಲ್ಲ. ಬೆಂಗಳೂರಿನ ಹೆಸರುವಾಸಿ ಗಾಯಕರೊಬ್ಬರು ಪ್ರೀತಿಯಿಂದ ಬಂದು ಹಾಡಿದರು. ಡ್ರೋನಿನಿಂದ ಬೆಟ್ಟ, ಮಂಜು, ಹೂ ಬಿಟ್ಟ ಕಾಫಿ ತೋಟಗಳನ್ನು ತೆಗೆದೆವು. ಸಂಕಲನ ಮುಗಿಸಿ ನೋಡಿದಾಗ ನನಗೆ ದಿಗಿಲಾಯಿತು, ಏಕೆಂದರೆ ಮಾತುಗಳನ್ನು ತೆಗೆದರೆ ಅದು ಯಾವುದೋ ಹೋಂಸ್ಟೇಯ ಜಾಹೀರಾತಿನಂತೆಯೇ ಇತ್ತು. ಕೊಡಗಿನಲ್ಲಿ ಕ್ಯಾಮೆರಾ ಹಿಡಿದವನಿಗೆ ಇದೇ ದೊಡ್ಡ ತೊಡಕು: ಎಲ್ಲಿ ನಿಂತು ತೆಗೆದರೂ ಚಿತ್ರ ಚೆಂದವಾಗಿ ಬರುತ್ತದೆ, ಆ ಚೆಂದ ದೂರನ್ನು ನುಂಗಿಬಿಡುತ್ತದೆ. ಮಂಜಿನ ಒಂದೊಂದು ದೃಶ್ಯವನ್ನೂ ಕತ್ತರಿಸಿ ಹಾಕಿದೆ.

ಉಳಿದುದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಸಿದ್ದಾಪುರದ ಕಡೆಯ ಒಂದು ಲೈನ್ ಮನೆಗೆ ಹೋದೆ. ಅಲ್ಲಿನ ಯರವ ಎಂಬ ಆದಿವಾಸಿ ಸಮುದಾಯದ ಹಿರಿಯ ಹೆಂಗಸು ಕೊನೆಯವರೆಗೂ ಕೇಳಿ, “ನೆಲ ಇಲ್ಲ ನೆಲ ಇಲ್ಲ ಅಂತ ಯಾಕೆ ಹಾಡಿಸಿದ್ದೀರಿ ಸಾರ್? ನೆಲ ಬೇಕಾದಷ್ಟುಂಟು. ನಮ್ಮ ಹೆಸರಲ್ಲಿ ಇಲ್ಲ, ಅಷ್ಟೆ” ಎಂದರು. ನಾಲ್ಕು ತಿಂಗಳು ಕೂತು ಬರೆದ ಪಲ್ಲವಿಯಲ್ಲಿ ನಾನು ಹೇಳಲಾರದೆ ಹೋದುದನ್ನು ಅವರು ಕಣದಲ್ಲಿ ಕಾಫಿ ಹರಡುತ್ತ ಹೇಳಿಬಿಟ್ಟಿದ್ದರು. ಹೆಸರಿನ ಮಾತನ್ನೇ ಹಿಡಿದು ಪಲ್ಲವಿಯನ್ನು ಹೊಸದಾಗಿ ಬರೆದೆ. ತೋಟದ ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು, ಸ್ವಂತ ವಿಳಾಸವಿಲ್ಲದೆ ಪಡಿತರ ಚೀಟಿಗೂ ಅಲೆಯಬೇಕು ಎಂಬ ಅವರ ಮಾತುಗಳು ಚರಣಗಳಾದವು.

ಸಂಗೀತದಲ್ಲಿ ಮೊದಲು ಕೈಬಿಟ್ಟದ್ದು ಕೊಡವರ ಕುಣಿತದ ವಾದ್ಯಮೇಳವಾದ ವಾಲಗದ ತಾಳವನ್ನು. ಅದನ್ನು ಕೇಳಿದರೆ ಕೊಡಗಿನಲ್ಲಿ ಯಾರ ಕಾಲೂ ಸುಮ್ಮನಿರುವುದಿಲ್ಲ. ಮದುವೆಯ ಸಂಭ್ರಮ ತಾನಾಗಿ ಬಂದುಬಿಡುತ್ತದೆ, ಈ ಹಾಡಿಗೆ ಅದು ಸಲ್ಲದು. ದುಡಿ ಎಂಬ ಪುಟ್ಟ ಚರ್ಮವಾದ್ಯವನ್ನು ಮಾತ್ರ ಉಳಿಸಿಕೊಂಡೆ, ಅದು ಕೊಡವರ ಐನ್‌ಮನೆಯಲ್ಲಿಯೂ (ಕುಲದ ಹಿರಿಮನೆ) ಇದೆ, ಯರವರ ಹಾಡಿಯಲ್ಲಿಯೂ (ಆದಿವಾಸಿಗಳ ಕೇರಿ) ಇದೆ. ಕೊಡವರ ಸಾಂಪ್ರದಾಯಿಕ ಹಾಡುಗಾರಿಕೆಯಾದ ಬಾಳೋಪಾಟಿನಲ್ಲಿ ನಾಲ್ವರು ದುಡಿ ಹಿಡಿದು, ಇಬ್ಬರು ಒಂದು ಸಾಲನ್ನು ಎತ್ತಿಕೊಟ್ಟರೆ ಉಳಿದ ಇಬ್ಬರು ಅದನ್ನು ಹಿಂಬಾಲಿಸುವ ಕ್ರಮವಿದೆ. ಬೀದಿಯಲ್ಲಿ ನಿಂತು ಹಾಡಲು ಇದಕ್ಕಿಂತ ಒಪ್ಪುವ ಹಾಡಿನ ಕಟ್ಟು ನನಗೆ ಸಿಗಲಿಲ್ಲ, ಏಕೆಂದರೆ ಸಾಹಿತ್ಯ ಬಾಯಿಪಾಠವಿಲ್ಲದವರೂ ಎರಡನೆಯ ಸಾಲಿಗೆ ದನಿಗೂಡಿಸಬಹುದು.

ಜುಲೈಯ ಒಂದು ರಾತ್ರಿ ಲೈನ್ ಮನೆಯೊಳಗೆ ಕುಳಿತು, ತಗಡಿನ ಶೀಟಿನ ಮೇಲೆ ಸುರಿಯುವ ಮಳೆಯನ್ನು ಧ್ವನಿಮುದ್ರಿಸಿದೆ. ಶೀಟಿನ ತೂತಿನ ಕೆಳಗೆ ಇಟ್ಟಿದ್ದ ಅಲ್ಯೂಮಿನಿಯಂ ಪಾತ್ರೆಗೆ ಹನಿ ಬೀಳುವ ಸದ್ದು ಅದರಲ್ಲಿ ಸೇರಿಕೊಂಡಿತು. ಪಾತ್ರೆ ತುಂಬುತ್ತ ಬಂದಂತೆ ಆ ಸದ್ದು ಟಣ್ ಎಂಬುದರಿಂದ ಟೊಳಕ್ ಎಂಬುದಕ್ಕೆ ಇಳಿಯುತ್ತದೆ, ಪಾತ್ರೆಯನ್ನು ಖಾಲಿ ಮಾಡಿಟ್ಟಾಗ ಮತ್ತೆ ಟಣ್ ಎನ್ನುತ್ತದೆ. ಎರಡನೆಯ ಚರಣದ ಕೆಳಗೆ ಬೇರೆ ಯಾವ ವಾದ್ಯವೂ ಇಲ್ಲ. ಹನಿಗಳು ತಾಳಕ್ಕೆ ಸರಿಯಾಗಿ ಬೀಳುವುದಿಲ್ಲ. ಕಂಪ್ಯೂಟರಿನಲ್ಲಿ ಅವನ್ನು ತಾಳಕ್ಕೆ ಕೂರಿಸಲು ಗೆಳೆಯರು ಹೇಳಿದರು, ನಾನು ಒಪ್ಪಲಿಲ್ಲ.

ಈ ಹೊಸ ಆವೃತ್ತಿಯನ್ನು ಹಾಡಿದವರು ಲೈನ್ ಮನೆಯ ಐವರು, ಅವರಲ್ಲಿ ಯಾರ ಮುಖವನ್ನೂ ತೋರಿಸಿಲ್ಲ. ಹಾಡಿದ್ದಕ್ಕೆ ಕೆಲಸ ಹೋದೀತೆಂಬ ಭಯ ಅವರಿಗಿತ್ತು, ಅದು ನ್ಯಾಯವಾದ ಭಯವೇ. ಜನವರಿಯ ರೋಬಸ್ಟಾ ಕುಯ್ಲಿನಲ್ಲಿ ಅವರ ಕೈಗಳನ್ನಷ್ಟೇ ಹತ್ತಿರದಿಂದ ತೆಗೆದೆವು: ಹಣ್ಣಿನ ಅಂಟು ಹತ್ತಿ ಕಪ್ಪಾದ ಬೆರಳುಗಳು, ಸಂಜೆ ತೂಕಕ್ಕೆ ಚೀಲ ಎತ್ತಿಡುವ ಮೊಣಕೈಗಳು. ಒಂದು ವಾಹಿನಿಯವರು ಪೈಸಾರಿ ಒತ್ತುವರಿಯನ್ನು ಕುರಿತ ಮೂರನೆಯ ಚರಣವನ್ನು ತೆಗೆದರೆ ಪ್ರಸಾರ ಮಾಡುವುದಾಗಿ ಹೇಳಿದರು. ಲೈನ್ ಮನೆಯವರನ್ನೇ ಕೇಳಿದೆ. ಅದು ಬೇಕೇ ಬೇಕು ಎಂದರು. ಹಾಗಾಗಿ ನಾವೇ ಯೂಟ್ಯೂಬಿಗೆ ಹಾಕಿದೆವು.

ಕೊನೆಯ ಚರಣದಲ್ಲಿ ಮಾತುಗಳಿಲ್ಲ, ದುಡಿ ಮಾತ್ರ ನಾಲ್ಕು ಆವರ್ತ ನುಡಿಯುತ್ತದೆ. ತಾಲ್ಲೂಕು ಕಚೇರಿಯ ಎದುರು ಧರಣಿ ಕುಳಿತ ದಿನ ಆ ಜಾಗದಲ್ಲಿ ಹೆಂಗಸರು ತಮ್ಮ ಹೆಸರು, ತಾವಿರುವ ತೋಟದ ಹೆಸರು, ಅಲ್ಲಿ ದುಡಿದ ವರ್ಷಗಳನ್ನು ಒಬ್ಬೊಬ್ಬರಾಗಿ ಕೂಗಿ ಹೇಳಿದರು, ಉಳಿದವರು ಅದನ್ನೇ ತಿರುಗಿ ಹೇಳಿದರು. ನಾಲ್ಕು ಆವರ್ತ ಸಾಲಲಿಲ್ಲ. ದುಡಿ ಹಿಡಿದಿದ್ದ ಹುಡುಗ ನನ್ನ ಮುಖ ನೋಡಿದ. ಮುಂದುವರಿಸು ಎಂದು ಕೈ ತೋರಿಸಿದೆ.